ನಾಲ್ಕು ಮೀಟರಿನ ಬಳಸು

ನೆಬ್ಬಿಯಿಂದ ಅರುವಾಕ್ಕೆ ಹೋಗುವ ರಸ್ತೆಯ ಎಡಮಗ್ಗುಲು
ಒಂದು ತಿಂಗಳಿಂದ ಕೆಂಪು ಮಣ್ಣು ಬಗೆಯುತ್ತಿದ್ದೇವೆ.
ಆಳ ಎದೆಮಟ್ಟ, ಅಗಲ ಒಂದು ಗುದ್ದಲಿ.
ಕೂಲಿ ಮೀಟರಿನ ಲೆಕ್ಕ; ಬಂಡೆ ಸಿಕ್ಕರೆ ಒಂದೂವರೆ ಪಟ್ಟು.
ಅಳತೆಯ ಚಕ್ರ ಉರುಳಿಸುವವನು ನಾನು,
ಮಸಾಕಾದವನು, ಇಲ್ಲಿಯ ಮಾತು ಅರ್ಧ ಬಾರದವನು.

ಕಾಂದಿರು ಎಂದರೆ ಅವರ ಭಾಷೆಯಲ್ಲಿ ಕಷ್ಟ.
ಹುಟ್ಟಿದ ಹೊತ್ತು ಹಾಗಿತ್ತಂತೆ. ಅದಕ್ಕೇನೀಗ, ಎನ್ನುತ್ತಾಳೆ,
ಅಗೆಯುತ್ತಾಳೆ ಇಬ್ಬರು ಗಂಡಸರಷ್ಟು.
ಸಂಜೆ ಏಳಕ್ಕೆ ಗುಂಡಿಯಂಚಲ್ಲಿ ಕೂತು
ಐನೂರು ಶಿಲಿಂಗಿನ ಡೇಟಾ ಹಾಕಿಸಿ
ಕಾಂಗೋ ಗಡಿಯಾಚೆಯ ತಂಗಿಯ ದನಿ ತೆರೆಯುತ್ತಾಳೆ.
ಏಳಕ್ಕೆ ಇಡೀ ಸೀಮೆಯೇ ತೆರೆಯುತ್ತದೆ:
ಫುಟ್‌ಬಾಲು, ಪ್ರಾರ್ಥನೆ, ಎಳ್ಳಿನ ದರ, ಯಾರದೋ ಮದುವೆಯ ಕುಣಿತ.
ಗುಡ್ಡದ ಟವರಿಗಿರುವುದು ಒಂದೇ ಸಣ್ಣ ಗಂಟಲು.
"ಅಕ್ಕಾ, ಮಗುವಿಗೆ..." ಅಂದು ತಂಗಿ ನಿಲ್ಲುತ್ತಾಳೆ.
ಪರದೆಯಲ್ಲಿ ಚಕ್ರ ಸುತ್ತುತ್ತದೆ
ನನ್ನದಕ್ಕಿಂತ ಜೋರಾಗಿ, ಒಂದು ಮೀಟರೂ ಸಾಗದೆ.
ಮಿಕ್ಕ ಮಾತು ಬರುವುದು ನಡುರಾತ್ರಿ,
ಊರು ಮಲಗಿದ ಮೇಲೆ.
ಹಲ್ಲು ಬಂದಿತ್ತು, ಅಷ್ಟೇ.

ಮೂವತ್ತೊಂದನೆಯ ದಿನ ಸಮಾಧಿ ಅಡ್ಡ ಬಂತು.
ನಕ್ಷೆಯಲ್ಲಿ ಅದಿಲ್ಲ. ನಕ್ಷೆಯಲ್ಲಿ ಗೆರೆ ನೇರ.
ಸಿಮೆಂಟಿನ ಹಾಸು, ಮೇಲೆ ಒಣಗಲು ಹರವಿದ ಮರಗೆಣಸು,
ಪಕ್ಕದಲ್ಲಿ ಮುದುಕ ದ್ರಾಕು, ಬರಿಗೈಲಿ.
ಅವ್ವ ಕಾಲು ಚಾಚಿದ್ದಾಳೆ, ಅಂದ.
ಗುತ್ತಿಗೆದಾರ ಫೋನಿನಲ್ಲಿ ಕೂಗಾಡಿದ,
ಅವನ ಕೂಗೂ ತುಂಡು ತುಂಡಾಗಿ ಬಂತು.
ಕಾಂದಿರು ಯಾರನ್ನೂ ಕೇಳದೆ ಗುದ್ದಲಿ ತಿರುಗಿಸಿದಳು.

ಗಾಜಿನ ಎಳೆ ಮಂಡಿ ಮಡಚುವುದಿಲ್ಲ;
ಥಟ್ಟನೆ ಬಗ್ಗಿಸಿದರೆ ಬೆಳಕು ಸೋರುತ್ತದೆ.
ಮಲಗಿದ ಕೂಸಿನ ಮಗ್ಗುಲು ಬದಲಿಸಿದ ಹಾಗೆ
ಮೆಲ್ಲಗೆ, ದೂರದಿಂದಲೇ ಬಳಸಬೇಕು.
ಬಳಸಿದಳು. ನಾಲ್ಕು ಮೀಟರು ಹೆಚ್ಚು.
ನಕ್ಷೆಯಲ್ಲಿಲ್ಲದ್ದಕ್ಕೆ ಕೂಲಿಯಿಲ್ಲ.
ನಾನು ಪುಸ್ತಕದಲ್ಲಿ ಬರೆದೆ: ಬಂಡೆ.

ಕಿತ್ತಳೆ ಕೊಳವೆ ಇಳಿಸಿ, ಮಣ್ಣು ಮುಚ್ಚಿ,
ಮೇಲೆ ಹುಲ್ಲೂ ಬಂದು, ಬೆಳಕು ಬಿಟ್ಟ ದಿನ
ಕಂಪಾಲಾದಿಂದ ಕೇಳಿದರು:
ಇಲ್ಲಿ ನಾಲ್ಕು ಮೀಟರು ಎಲ್ಲಿಂದ ಬಂತು?
ಬಂಡೆ, ಸಾರ್.
ಎಷ್ಟು ದೊಡ್ಡದು?
ಲೈನು ಎಷ್ಟು ಚೊಕ್ಕವಾಗಿತ್ತೆಂದರೆ
ನಾನು ಉಗುಳು ನುಂಗಿದ್ದೂ
ಅವರಿಗೆ ಕೇಳಿಸಿರಬೇಕು.