ಖೋಟಾ

ರಾತ್ರಿ ಹತ್ತರ ಮೇಲೆ ವಿಲ್ಲಾ ಪಾರ್ಕಿನಲ್ಲಿ
ನಾನು, ಕಾವಲಿನ ಡೆಲ್ರಾಯ್, ಮತ್ತೆ ಒಂದಷ್ಟು ಬಟ್ಟಲುಗಳು.
ಅವನದು ಟಾರ್ಚು, ನನ್ನದು ಹಳದಿ ಅರಿವೆ.
ಗಾಜಿನ ಕಪಾಟು ತೆರೆದು, ಕಿವಿ ಹಿಡಿದು ಇಳಿಸಿ,
ಶಾಲೆಗೆ ಹೊರಟ ಮಕ್ಕಳ ಮುಖ ಒರೆಸಿದ ಹಾಗೆ
ಒಂದೊಂದನ್ನೇ ಒರೆಸುತ್ತೇನೆ.

ಹಗಲು ನೋಡಬಂದವರಿಗೆ ಹುಡುಗಿಯೊಬ್ಬಳು ಹೇಳುತ್ತಾಳೆ:
ಸಾವಿರದ ಎಂಟುನೂರ ಎಪ್ಪತ್ತನಾಲ್ಕು.
ಚಾಪೆಲ್ಲಿನ ಕ್ರಿಕೆಟ್ ಹುಡುಗರು ಗ್ಯಾಸು ದೀಪದ ಕೆಳಗೆ ನಿಂತು
ಚಳಿಗಾಲಕ್ಕೂ ಒಂದು ಆಟ ಬೇಕಲ್ಲ ಎಂದುಕೊಂಡರಂತೆ.
ಮೊದಲ ಪಂದ್ಯ ಅರ್ಧ ರಗ್ಬಿ, ಅರ್ಧ ಫುಟ್‌ಬಾಲು;
ಕೈಯಲ್ಲಿ ಅಪ್ಪಿ ಒಂದು ಹೊತ್ತು, ಕಾಲಲ್ಲಿ ಒದ್ದು ಒಂದು ಹೊತ್ತು.
ಗೆದ್ದರು. ಒಂದೇ ಗೋಲು.
ಲೀಗು ಏಳು ಸಲ, ಎಫ್‌ಎ ಕಪ್ಪು ಏಳು ಸಲ,
ತೊಂಬತ್ತೇಳರಲ್ಲಿ ಎರಡೂ ಒಟ್ಟಿಗೆ.
ಅವಳು ಹೇಳುವುದೆಲ್ಲ ಸರಿ.
ತೊಂಬತ್ತೈದು ಬಂದಾಗ ಮಾತ್ರ ದನಿ ಓಡುತ್ತದೆ,
ಸುಟ್ಟ ನೆಲದ ಮೇಲೆ ಬರಿಗಾಲಲ್ಲಿ ಓಡಿದ ಹಾಗೆ.

ಆ ವರ್ಷ ಗೆದ್ದ ಕಪ್ಪನ್ನು
ನ್ಯೂಟೌನ್ ರೋದ ಬೂಟಿನಂಗಡಿ ಕಿಟಕಿಯಲ್ಲಿಟ್ಟಿದ್ದರು, ಊರು ನೋಡಲಿ ಎಂದು.
ಸೆಪ್ಟೆಂಬರಿನ ಒಂದು ರಾತ್ರಿ ಊರು ಮಲಗಿತ್ತು.
ಬೆಳಗಾದರೆ ಬೂಟುಗಳಿದ್ದವು.
ಹತ್ತು ಪೌಂಡು ಬಹುಮಾನ, ಇಪ್ಪತ್ತೈದು ಪೌಂಡು ದಂಡ,
ಕಪ್ಪು ಮಾತ್ರ ಇವತ್ತಿಗೂ ಇಲ್ಲ.

ನನ್ನ ಮುತ್ತಜ್ಜ ಈನಾಕ್ ಟ್ರಾಂಟರ್, ಗುಂಡಿ ಕಾರ್ಖಾನೆಯವನು,
ಅದೇ ಚಳಿಗಾಲ ಕೂಲಿಯಲ್ಲಿ ಒಂದು ಅರ್ಧ ಕ್ರೌನ್ ತಂದ.
ಕಟುಕ ಕಲ್ಲಿಗೆ ಬಡಿದು ನೋಡಿದ:
ಟಣ್ ಅನ್ನಬೇಕಾದದ್ದು ದಡ್ ಅಂದಿತು.
ಆ ಭಾನುವಾರ ಸಾರಿನಲ್ಲಿ ಬರೀ ಟರ್ನಿಪ್.
ಮುತ್ತಜ್ಜಿ ಕೆಜಾಯ ನಾಣ್ಯವನ್ನು ಸಾಸಿವೆ ಡಬ್ಬಿಗೆ ಹಾಕಿ
ಮುಚ್ಚಳ ಒತ್ತಿದಳು, ಯಾರದೋ ಬಾಯಿ ಮುಚ್ಚಿಸಿದ ಹಾಗೆ.

ಅರವತ್ತು ವರ್ಷಕ್ಕೆ ಪೇಪರಿನಲ್ಲಿ ಬಂತು:
ಮುದುಕನೊಬ್ಬ ಒಪ್ಪಿಕೊಂಡಿದ್ದಾನೆ,
ಕದ್ದದ್ದು ನಾನೇ, ಕರಗಿಸಿ ಖೋಟಾ ಅರ್ಧ ಕ್ರೌನ್ ಹೊಯ್ದೆವು ಎಂದು.
ನಿಜವೋ ಸುಳ್ಳೋ, ಯಾರಿಗೂ ಗೊತ್ತಿಲ್ಲ.
ನನ್ನಜ್ಜಿ ಕನ್ನಡಕ ತೆಗೆದಿಟ್ಟು, ಕುರ್ಚಿ ಹತ್ತಿ
ಡಬ್ಬಿ ಇಳಿಸಿದಳು.
ಅವತ್ತಿನಿಂದ ನಮ್ಮ ಮನೆಯಲ್ಲಿ ಅದನ್ನು ಖೋಟಾ ಎನ್ನುವ ಹಾಗಿಲ್ಲ.
ಕಪ್ಪು ಎನ್ನಬೇಕು.
ಬಣ್ಣವೂ ಅದೇ ಆಗಿತ್ತು.

ತಂಡ ಮೂರನೇ ಡಿವಿಷನ್ನಿಗೆ ಬಿದ್ದ ವರ್ಷ
ಅಪ್ಪ ಅದನ್ನು ಕಾಲುವೆಗೆಸೆಯಲು ಹೋಗಿ
ತೊಯ್ದ ತೋಳಿನಲ್ಲಿ ಮರಳಿ ತಂದ. ಕೇಳಲಿಲ್ಲ ಯಾರೂ.
ಎಂಬತ್ತೆರಡರಲ್ಲಿ ಕಾಲುಚೀಲದೊಳಗಿಟ್ಟು ರೋಟರ್‌ಡ್ಯಾಮಿಗೆ ಒಯ್ದ.
ಹತ್ತು ನಿಮಿಷಕ್ಕೇ ಗೋಲಿ ನೋವೆಂದು ಹೊರನಡೆದ,
ಒಳಗೆ ಹೋದವನು ಅದುವರೆಗೆ ತಂಡಕ್ಕೆ ಆಡಿದ್ದು ಒಂದೇ ಪಂದ್ಯ.
ಜರ್ಮನಿಯವರು ಒದ್ದರು, ಒದ್ದರು,
ಬಾಗಿಲು ತೆರೆಯಲಿಲ್ಲ ಹುಡುಗ.
ಈ ಕಡೆ ನಮ್ಮದೊಂದು, ಕಂಬಕ್ಕೆ ತಗುಲಿ, ಹೇಗೋ, ಒಳಗೆ.
ಯೂರೋಪಿನ ಬಟ್ಟಲು ಗೆದ್ದು ಬಂದ ಅಪ್ಪ
ಬೂಟು ಬಿಚ್ಚುತ್ತಾ ಹೇಳಿದ್ದು ಇಷ್ಟೇ:
‘ಬದಲಿಗೆ ಬಂದವನು ಕಣೇ ಮಾವಿಸ್. ಚಲಾವಣೆಯಾದ.’

ಈ ರಾತ್ರಿ ಡೆಲ್ರಾಯ್ ಟೀ ಊದುತ್ತಾ ಅನ್ನುತ್ತಾನೆ:
ಎಷ್ಟು ತಿಕ್ಕುತ್ತೀ, ಇವೆಲ್ಲ ನಕಲು.
ನಿಜವಾದದ್ದು ಯಾರ ಮನೆಯಲ್ಲೂ ನಿಲ್ಲುವುದಿಲ್ಲ,
ವರ್ಷಕ್ಕೊಂದು ಊರು ಅದಕ್ಕೆ.

ನನಗೆ ಗೊತ್ತಿಲ್ಲದ್ದೇನಲ್ಲ.
ಆದರೂ ಏಪ್ರನ್ನಿನಿಂದ ಡಬ್ಬಿ ತೆಗೆದೆ.
ಅದೇ ಅರಿವೆ, ಅದೇ ಪುಡಿ.
ಮೂಗು ಸವೆದ ರಾಣಿ ಮೆಲ್ಲಗೆ ಮೇಲೆ ಬಂದಳು.
ನಕಲುಗಳ ನಡುವೆ, ಕೆಂಪು ಮಖಮಲ್ಲಿನ ಮೇಲೆ ಇಟ್ಟು
ಗಾಜು ಮುಚ್ಚಿದೆ.
ಡೆಲ್ರಾಯ್ ಏನೂ ಕೇಳದೆ ಟಾರ್ಚನ್ನು ಅದರ ಮೇಲೆ ಹಿಡಿದ.
ಎಷ್ಟು ಹೊತ್ತೋ.
ಅವನ ಟೀ ಆರಿತು.

ಕೊನೆಯ ಬಸ್ಸಿಗೆ ಮುಂಚೆ ತೆಗೆದುಕೊಂಡೆ.
ವಿಟ್ಟನ್ ಲೇನಿನಲ್ಲಿ ಹತ್ತಿ, ಪಾಸಿಗೆಂದು ಜೇಬು ತಡಕಿದರೆ
ಮೊದಲು ಕೈಗೆ ಬಂದದ್ದು ಅದೇ,
ಇನ್ನೂ ಬೆಚ್ಚಗೆ.