ಗುದೈಬಿಯಾದಲ್ಲಿ ಹೊಸ ವಿಂಡೋಸ್

ಹಿಂಬದಿ ಗಲ್ಲಿಯ ಕೋಲ್ಡ್ ಸ್ಟೋರು
ರಾತ್ರಿ ಒಂದಕ್ಕೆ ಅರ್ಧ ಷಟರು ಎಳೆದುಕೊಂಡಿತು.
ಗಾಜಿಗೆ ಹೊರಗಿನಿಂದ ಬೆವರು, ಆಗಸ್ಟ್ ತಿಂಗಳು.
ಒಳಗೆ ನಾನು, ಚೆರಿಯಬ್ಬಾಕ, ಮೂರು ಫ್ರಿಜ್ಜುಗಳ ಗುಂಯ್ ಸದ್ದು,
ಮತ್ತು ಹದಿಮೂರು ವರ್ಷದಿಂದ ಸರಿಯಾಗಿ ನಿದ್ದೆ ಮಾಡದ
ಬಿಲ್ಲಿನ ಕಂಪ್ಯೂಟರು.

'ಇದಕ್ಕೇನಾಗಿದೆ? ಸರಿಯೇ ಉಂಟಲ್ಲ' ಎಂದರು.
'ಕಾರ್ಡು ಉಜ್ಜುವ ಹೊಸ ಮೆಷಿನ್ನು
ಇದರ ಜೊತೆ ಮಾತಾಡುವುದಿಲ್ಲವಂತೆ.'
'ಯಾಕೆ, ಜಗಳವಾ?'
'ಇದಕ್ಕೆ ವಯಸ್ಸಾಯಿತು, ಕಾಕ.'
ಸುಮ್ಮನಾದರು. ನಾನು ಬೇರೆ ಮಾತು ಹುಡುಕಬೇಕಿತ್ತು.

ಮುಚ್ಚಳ ಬಿಚ್ಚಿದೆ. ಒಳಗೆ ಮರಳು,
ಕೂಸಿಗೆ ಹಚ್ಚುವ ಪೌಡರಿನಷ್ಟು ನುಣುಪು;
ಜಿರಳೆಯದೊಂದು ಒಣ ರೆಕ್ಕೆ;
ಐದು ಫಿಲ್ಸಿನ ನಾಣ್ಯ, ಹೇಗೆ ಹೊಕ್ಕಿತ್ತೋ.
ಕೊಟ್ಟೆ. ಅಂಗಿಯ ತುದಿಗೆ ಒರೆಸಿ
ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು.

ಪೆನ್‌ಡ್ರೈವ್ ಚುಚ್ಚಿದೆ. ನೀಲಿ ಚೌಕವೊಂದು ತೆರೆದು ಕೇಳಿತು:
ಹಳೆಯದನ್ನು ಹೊತ್ತುಕೊಂಡೇ ಮೇಲೆ ಹತ್ತುವಿಯಾ,
ಎಲ್ಲ ಒರೆಸಿ ಹೊಸದಾಗಿ ಕೂರುವಿಯಾ?

ಒರೆಸುವುದೇ ಲೇಸು, ನನ್ನ ಅನುಭವ.
ಪಾಚಿಯ ಗೋಡೆಗೆ ಬಳಿದ ಸುಣ್ಣ ಮೂರು ತಿಂಗಳು.
ಆದರೂ ಕೇಳಬೇಕಲ್ಲ:
'ಒಳಗೆ ಬೇಕಾದ್ದು ಏನಾದರೂ ಉಂಟಾ?'

'ಸಾಲದ ಲೆಕ್ಕ.'

ತೆರೆದೆ. ಒಂದೇ ಹಾಳೆ, ಇಳಿದಷ್ಟೂ ಇಳಿಯುತ್ತದೆ.
ಹೆಸರಿನ ಜಾಗದಲ್ಲಿ ಗುರುತು:
ಲಿಫ್ಟ್ ಕಂಪನಿಯ ಉದ್ದನೆಯವ. ಬಾರ್ಬರನ ಭಾವ.
ನೀಲಿ ಬಾಗಿಲು ಮೇಡಂ. ಸೈಕಲ್.
ಎದುರಿಗೆ ಖುಬ್ಬೂಸು, ಲಬನ್, ಬ್ಲೇಡು, ಫೋನ್ ಕಾರ್ಡು,
ಮತ್ತೆ ಫೋನ್ ಕಾರ್ಡು, ಮತ್ತೆ ಫೋನ್ ಕಾರ್ಡು.

'ಸೈಕಲ್ ಯಾರು?'
'ಸೈಕಲ್ಲು ಮಾರಿ ಟಿಕೆಟ್ ತೆಗೆದ. ಕೊರೊನಾದ ವರ್ಷ.'
'ನೀಲಿ ಬಾಗಿಲು?'
'ಬಾಗಿಲಿಗೆ ಈಗ ಹಸಿರು. ಒಳಗೆ ಬೇರೆ ಜನ.'
'ಉದ್ದನೆಯವ?'
ಬೆರಳು ಮೇಲೆ ಮಾಡಿದರು.
ಲಿಫ್ಟಿನ ಕಡೆಗೋ, ಅದಕ್ಕೂ ಮೇಲಕ್ಕೋ. ನಾನು ಕೇಳಲಿಲ್ಲ.

ಕೊನೆಯ ಸಾಲು: ಒಟ್ಟು ಸಾವಿರದ ಇನ್ನೂರ ಹನ್ನೊಂದು ದಿನಾರ್,
ನಾನೂರೈವತ್ತು ಫಿಲ್ಸ್.

'ತೆಗೆದಿಡಲಾ, ಬಿಡಲಾ?'
ಎದ್ದು ಹೋಗಿ ಫ್ರಿಜ್ಜಿನಿಂದ ಲಬನ್ ತಂದರು, ತಾರೀಕು ನೋಡಿದರು.
'ಇವತ್ತಿಗೆ ಮುಗಿಯಿತು ಇದು, ಕುಡಿ.'
ಆಮೇಲೆ, ಬಾಟಲಿಗೆ ಹೇಳುವಂತೆ:
'ಹಣ ಬಿಡು. ಹೆಸರು ಇರಲಿ.'

ಹಣದ ಸಾಲನ್ನು ಮೇಲಿನಿಂದ ಕೆಳಗೆ ಹಿಡಿದು ಅಳಿಸಿದೆ. ಒಂದೇ ಗುಂಡಿ.
ಅಂಕಿ ಹೋದ ಮೇಲೆ ಆ ಪಟ್ಟಿ
ಮದುವೆಗೆ ಕರೆಯಬೇಕಾದವರದಂತೆ ಕಂಡಿತು.
ಪೆನ್‌ಡ್ರೈವಿನ ಮೂಲೆಯಲ್ಲಿ ಅದಕ್ಕೆ ಎಷ್ಟು ಜಾಗ ಬೇಕು,
ಒಂದು ಫೋಟೋದಷ್ಟೂ ಬೇಡ.

ಮತ್ತೆ ಕಾಯುವ ಕೆಲಸ.
ನೂರಕ್ಕೆ ಹದಿನಾಲ್ಕು. ಮೂವತ್ತೊಂದು.
ಎಪ್ಪತ್ತನಾಲ್ಕರಲ್ಲಿ ಸಿಕ್ಕಿಕೊಂಡಿತು, ಪಾವು ಗಂಟೆ.
ಚುಕ್ಕೆಗಳು ದುಂಡಗೆ ಓಡುತ್ತಲೇ ಇದ್ದವು.
'ಸತ್ತಿದೆಯಾ?' 'ಇಲ್ಲ ಕಾಕ, ಉಸಿರಾಡುತ್ತಾ ಉಂಟು.'
ಅವರು ಸ್ಟೂಲಿನಲ್ಲೇ ತೂಕಡಿಸಿದರು, ಕೈ ಮೌಸಿನ ಮೇಲೆ.

ಎದ್ದ ಕೂಡಲೇ ಅದು ಕೇಳಿತು: ಯಾವ ಊರಿನ ಗಂಟೆ?
ಪಟ್ಟಿಯಲ್ಲಿ ಕುವೈತ್ ಉಂಟು, ರಿಯಾದ್ ಉಂಟು,
ನಾವು ಕೂತ ದ್ವೀಪ ಇಲ್ಲ.
'ಅದನ್ನೇ ಒತ್ತು' ಎಂದರು, 'ಸೇತುವೆ ದಾಟಿದರೆ ಹೊತ್ತು ಒಂದೇ.'

ಕಂಪ್ಯೂಟರು ಯಾರದು, ಹೆಸರು ಹೇಳು ಎಂದಿತು.
'ಲೈಸೆನ್ಸು ಅರಬಿಯದು' ಎಂದರು.
'ಅವರ ಹೆಸರು ಹಾಕಲಾ?'
'ಬೇಡ.'
'ನಿಮ್ಮದು?'
ಷಟರಿನ ಕೆಳಗೆ ಬೆಳಗು ಒಂದು ಗೇಣು ಬಂದಿತ್ತು.
'ಸೈಕಲ್ ಅಂತ ಹಾಕು.'

ಹಾಕಿದೆ. ಪರದೆ ಪೂರ್ತಿ ಬೆಳಗಿ, ದಪ್ಪ ಅಕ್ಷರದಲ್ಲಿ
ಸೈಕಲ್‌ಗೆ ಸ್ವಾಗತ ಹೇಳಿತು. ಚೆರಿಯಬ್ಬಾಕ
ನಕ್ಕರೋ ಕೆಮ್ಮಿದರೋ, ಷಟರಿನ ಸದ್ದಿನಲ್ಲಿ ತಿಳಿಯಲಿಲ್ಲ.

ನನ್ನ ಕೂಲಿ ಹತ್ತು ದಿನಾರ್. ಎಂಟು ಎಣಿಸಿದರು.
'ಎರಡು ಬರೆದುಕೋ.'
ಎಲ್ಲಿ ಬರೆದುಕೊಳ್ಳಲಿ? ನನ್ನಲ್ಲಿ ಪುಸ್ತಕವಿಲ್ಲ.
ಗಲ್ಲಿಯ ಕೊನೆ ಮುಟ್ಟಿದ ಮೇಲೆ ನೆನಪಾಯಿತು,
ಆ ಐದು ಫಿಲ್ಸು ಹುಡುಕಿಕೊಟ್ಟವನು ನಾನು.