ಹದಿನೇಳರಿಂದ ಇಪ್ಪತ್ತೆರಡಕ್ಕೆ

ಶನಿವಾರ ಸಂಜೆ ನಾನೇ ಕೂರಿಸಿ ಹೋದ ಸ್ವಿಚ್ಚು,
ಇಪ್ಪತ್ನಾಲ್ಕು ಕಿಂಡಿ, ಮೈಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಸುಲಿದಿಲ್ಲ.
ಸೋಮವಾರ ಹತ್ತೂಕಾಲಿಗೆ ಫೋನು:
ಗಿರಣಿ ಕಾರ್ಮಿಕರ ಪತ್ತಿನ ಸಂಘ,
ಏಳು ಕಂಪ್ಯೂಟರು, ಏಳೂ ಮೂಕ.
'ಹಳೇದೇ ಚಲೋ ಇತ್ತಲ್ರೀ' ಅಂದರು ಕಾರ್ಯದರ್ಶಿ ಪರಮೇಶ್ವರಯ್ಯ.
ಹಳೇದು ಸತ್ತದ್ದಕ್ಕೇ ಹೊಸದು ಬಂದದ್ದು ಅಂತ
ನಾನು ಹೇಳಲಿಲ್ಲ. ಬೈಕಿಗೆ ಕಿಕ್ ಹೊಡೆದೆ.

ದಾವಣಗೆರೆಯಲ್ಲಿ ಆ ಗಿರಣಿ ಈಗಿಲ್ಲ,
ಅದರ ನೆಲದಲ್ಲೊಂದು ಕಲ್ಯಾಣಮಂಟಪ.
ಸಂಘ ಉಳಿದಿದೆ, ಬೋರ್ಡಿನಲ್ಲಿ ಮಾಸಿದ ಕದಿರು.
ಒಳಗೆ ಬೆಂಚಿನ ತುಂಬ ಮುದುಕರು,
ಪ್ಲಾಸ್ಟಿಕ್ ಚೀಲದೊಳಗೆ ಪಾಸ್‌ಬುಕ್ಕು,
ಕಿಟಕಿಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ.

ಪೆಟ್ಟಿಗೆ ತೆಗೆದೆ. ದೀಪಗಳು ಸತ್ತಿರಲಿಲ್ಲ.
ಸತ್ತಿದ್ದರೆ ಸುಲಭವಿತ್ತು.
ಎಲ್ಲ ಒಟ್ಟಿಗೆ, ಒಂದೇ ಉಸಿರಿಗೆ,
ಹಸಿರು ಹಸಿರು ಹಸಿರು,
ಜ್ವರ ನೆತ್ತಿಗೇರಿದ ಕೂಸಿನ ರೆಪ್ಪೆ ಹಾಗೆ.
ನೋಡಿದವರಿಗೆ ಭಾರೀ ಕೆಲಸ ನಡೆದಂತೆ.
ಪರದೆಯಲ್ಲಿ ಮಾತ್ರ ನಾನು ಕೂಗಿದ ನಾಲ್ಕು ಕೂಗಿಗೂ
ಓ ಅನ್ನುವವರಿಲ್ಲ.

ಆರಿಸಿ, ಹತ್ತು ಎಣಿಸಿ, ಹಚ್ಚಿದೆ.
ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಅದೇ ಜ್ವರ.
ವೈರಿನ ತಲೆ ಕತ್ತರಿಸಿ ಹೊಸ ತಲೆ ಕಚ್ಚಿಸಿದೆ:
ಬಿಳಿಕೇಸರಿ, ಕೇಸರಿ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು,
ಮಗ್ಗಿಯಂತೆ ಬಾಯಲ್ಲೇ ಇದೆ, ಉಪಯೋಗವಾಗಲಿಲ್ಲ.
ಕರೆಂಟನ್ನು ಬೈದೆ. ಕಂಪನಿಯನ್ನು ಬೈದೆ.
ಗೋಡೆ ಕೊರೆದ ಎಲೆಕ್ಟ್ರಿಷಿಯನ್ನನ್ನು,
ಅವನು ಅಲ್ಲಿರಲಿಲ್ಲವಾದ್ದರಿಂದ, ಜಾಸ್ತಿ ಬೈದೆ.

ಬೆಂಚಿನ ತುದಿಯಿಂದ ಚಮನ್‌ಸಾಬ್ ಎದ್ದು ಬಂದರು,
ರಿಂಗ್ ಫ್ರೇಮಿನ ಮುಂದೆ ಇಪ್ಪತ್ತಾರು ವರ್ಷ ನಿಂತ ಕಾಲು.
'ಕಡಿದಿದ್ದು ಹುಡುಕ್ತೀರೇನ್ರಿ?
ಎಳೆ ಕಡಿದ್ರೂ ಹಿಂದಿಂದ ಹತ್ತಿ ಬರೋದು ನಿಲ್ಲಲ್ಲ.
ಮುಂದೆ ದಾರಿ ಇಲ್ಲಂದ್ರೆ ರೋಲರಿಗೇ ಸುತ್ಕೊಂತತಿ.
ಮಿಷನ್ ತಿರುಗ್ತತಿ, ಗದ್ದಲ ಐತಿ,
ನೂಲು ಇಲ್ಲ.
ಸುತ್ಕೊಂಡಿದ್ದು ಹುಡುಕ್ರಿ. ಒಂದೊಂದೇ ಬಿಡಿಸ್ರಿ.'

ಸಿಟ್ಟು ಬಂತು. ನನ್ನ ಡಿಪ್ಲೊಮಾ ನೆನಪಾಯಿತು.
ಬೇರೆ ಉಪಾಯ ನೆನಪಾಗಲಿಲ್ಲ.

ಒಂದು ಎಳೆದೆ. ಎರಡು. ಐದು. ಒಂಬತ್ತು.
ಹದಿನೇಳು ಎಳೆದಾಗ
ಜ್ವರ ಇಳಿಯಿತು.
ಆ ವೈರಿನ ಜಾಡು ಹಿಡಿದು ಹೊರಟೆ, ದೂರವೇನಿಲ್ಲ:
ಮೂರಡಿ ನೀಲಿ ವೈರು, ಹದಿನೇಳರಿಂದ ಹೊರಬಿದ್ದು
ಇಪ್ಪತ್ತೆರಡಕ್ಕೆ ಬಂದು ಹೊಕ್ಕಿತ್ತು.
ಹಿಂಬಾಗಿಲಿಂದ ಹೋದವನು ಮುಂಬಾಗಿಲು ತಟ್ಟಿ
'ಯಾರಿದ್ದೀರಿ' ಎಂದಂತೆ,
ಒಳಗಿಂದ ತಾನೇ 'ಯಾರದು' ಎಂದಂತೆ,
ಬೆಳಗಿನ ಒಂಬತ್ತರಿಂದ, ಸೆಕೆಂಡಿಗೆ ಸಾವಿರ ಸಲ.
ಬೇರೆಯವರ ಮಾತಿಗೆ ಸಂದು ಎಲ್ಲಿ?

'ನಾನೇ ರೀ ಚುಚ್ಚಿದ್ದು.'
ಕಸಬರಿಗೆ ಹಿಡಿದ ದುರುಗಮ್ಮ,
ಕಾರ್ಯದರ್ಶಿಗೆ ಕೇಳದಷ್ಟು ಮೆಲ್ಲಗೆ.
'ತುದಿ ಜೋತಾಡ್ತಿತ್ತು, ಕಸಬರಿಗೆಗೆ ಸಿಗ್ತಿತ್ತು.
ತೂತೊಂದು ಖಾಲಿ ಇತ್ತು.
ನೀವು ಮರೆತು ಹೋಗೀರಿ ಅಂದ್ಕೊಂಡೆ.'

ಮರೆತದ್ದು ನಿಜ. ಶನಿವಾರ ಪರೀಕ್ಷೆಗೆಂದು ಹಾಕಿದ ವೈರು,
ಒಂದು ತುದಿ ಹಾಗೇ ಬಿಟ್ಟು
ಮಿರ್ಚಿ ಆರುತ್ತದೆಂದು ಓಡಿದವನು ನಾನು.

ಏಳೂ ಕಂಪ್ಯೂಟರು ಬಾಯಿಬಿಟ್ಟವು. ಬೆಂಚು ಸರಿಯತೊಡಗಿತು.
ದೀಪಗಳೀಗ ಒಂದೊಂದು ಒಂದೊಂದು ಹೊತ್ತಿಗೆ,
ತಾಳವಿಲ್ಲ, ಮೇಳವಿಲ್ಲ,
ಅದೇ ಆರೋಗ್ಯ.
ಪಾಸ್‌ಬುಕ್ಕಿನಲ್ಲಿ ಬಡ್ಡಿ ಅಚ್ಚಾಗುವ ಕರಕರ ಕೇಳುತ್ತ
ಚಮನ್‌ಸಾಬ್ ತಿರುಗಿ ನೋಡದೆಯೇ ಕೇಳಿದರು:
'ನೂಲು ಬಂತಾ?'
ಬಂತ್ರೀ, ಅಂದೆ.

ರಿಪೋರ್ಟಿನಲ್ಲಿ 'ಕಾರಣ' ಎಂಬ ಕಿರಿದಾದ ಚೌಕ.
'ಇಲಿ ಇರಬೇಕಲ್ರೀ?' ಪರಮೇಶ್ವರಯ್ಯ ಇಣುಕಿದರು.
ಇರಬಹುದು, ಅಂದೆ, 'ಜೋಡಣೆ ದೋಷ' ಅಂತ ಬರೆದೆ,
ಕೆಳಗೆ ನನ್ನ ಸಹಿ.

ಮೇಜಿನಡಿ ಬಗ್ಗಿ ದುರುಗಮ್ಮ
ನಾನು ಕತ್ತರಿಸಿ ಚೆಲ್ಲಿದ ಎಳೆ ಆಯುತ್ತಿದ್ದಳು,
ಕೇಸರಿ, ಹಸಿರು, ನೀಲಿ, ಕಂದು.
'ಚಂದ ಅದಾವು,' ಅಂದಳು, 'ಒಯ್ಲೇನ್ರಿ?'